ಕೊನೆಗೆ ಕೈ ಹಾಕಿದ್ದು ಯಾರು?

ನಮ್ಮ ಮಾವನವರ ಒಂದೊಂದು ಬನಿಯನ್ನಿನ ಹೊಟ್ಟೆಯ ಮೇಲೂ ಸಾಸಿವೆ ಕಾಳಿನಷ್ಟು ಸಣ್ಣ ತೂತುಗಳಿದ್ದವು. ಬ್ಯಾಟರಿಯ ಆಸಿಡ್ ಸಿಡಿದು ಸುಟ್ಟ ತೂತುಗಳು. ರೈಲು ಡಬ್ಬಿಗಳ ಅಡಿಯಲ್ಲಿ ಕುಕ್ಕರುಗಾಲಲ್ಲಿ ಕೂತು ದೀಪ, ಫ್ಯಾನುಗಳ ಬ್ಯಾಟರಿ ನೋಡಿಕೊಳ್ಳುವುದರಲ್ಲೇ ಅವರ ಸರ್ವೀಸು ಮುಗಿದಿತ್ತು. ನಿವೃತ್ತರಾದ ಮೇಲೆ ಚೆನ್ನೈನ ತಿರುವೊಟ್ಟಿಯೂರಿನ ನಮ್ಮ ಮನೆಯ ವರಾಂಡವೇ ಅವರ ಡಿಪೋ ಆಯಿತು. ಬೀದಿಯವರ ಸ್ಕೂಟರು, ಬೈಕುಗಳೆಲ್ಲ ಅಲ್ಲಿಗೇ ಬರುತ್ತಿದ್ದವು.

ನಿಜ ಹೇಳಬೇಕೆಂದರೆ, ಮದುವೆಯಾದ ಹೊಸದರಲ್ಲಿ ಅವರನ್ನು ಕಂಡರೆ ನನಗೆ ಹೇಸಿಗೆಯಾಗುತ್ತಿತ್ತು. ಬೆಳಿಗ್ಗೆ ಬಾವಿಯೊಳಗಿಂದ ಕೂಗಿದ ಹಾಗೆ ಕ್ಯಾಕರಿಸುವುದು, ಗ್ರೀಸು ಮೆತ್ತಿದ ಕೈಯಲ್ಲೇ ಕಾಫಿ ಲೋಟ ಹಿಡಿಯುವುದು, ಎರಡೂ ನನಗೆ ಆಗದು. ನಮ್ಮ ಕಡೆಯ ಉಪ್ಪುಗಾಳಿಗೆ ಬ್ಯಾಟರಿ ಟರ್ಮಿನಲ್ಲುಗಳ ಮೇಲೆ ಬೇಗ ಹಸಿರು ಹಕ್ಕಳೆ ಕಟ್ಟುತ್ತದೆ. ಅದಕ್ಕೆ ಬಿಸಿನೀರು, ಅಡುಗೆ ಸೋಡಾ ಹಾಕಿ ಉಜ್ಜುವುದು ಅವರ ಕ್ರಮ. ಒಂದು ದಿನ ಅವರು ಉಜ್ಜುತ್ತಿದ್ದ ಬ್ರಶ್ಶು ನನ್ನದು, ಆ ಬೆಳಿಗ್ಗೆ ನಾನು ಹಲ್ಲುಜ್ಜಿದ್ದು! ಕಿರುಚಿದೆ. "ನಾಳೆಗೆ ಹೊಸದು ತಂದ್ಕೊಡ್ತೀನಿ ಬಿಡಮ್ಮ, ಇದು ಗಟ್ಟಿ ಇತ್ತು" ಅಂದರು.

ಆದರೆ ಹೇಸಿಗೆಯಲ್ಲಿ ಅವರು ನನ್ನನ್ನೂ ಮೀರಿಸಿದವರು. ಬೆಸುಗೆ ಹಾಕದೆ ಬರೀ ತಿರುಚಿ ಟೇಪು ಸುತ್ತಿದ ತಂತಿಯನ್ನು ಕಂಡರೆ ಮುಖ ಕಿವುಚಿ, "ಥೂ, ಅಸಿಂಗ!" ಅನ್ನುವರು. ಕನ್ನಡದ ಅಸಹ್ಯ ಸಾಲದೆ ತಮಿಳಿನಿಂದ ತಂದುಕೊಂಡ ಮಾತು ಅದು. ಗಾಡಿಯನ್ನು ಮುಟ್ಟುವ ಮೊದಲು ಎಲ್ಲರಿಗೂ ಒಂದೇ ಪ್ರಶ್ನೆ: "ಕೊನೆಗೆ ಕೈ ಹಾಕಿದ್ದು ಯಾರು?" ವಿದ್ಯುತ್ತು ತಾನಾಗಿ ಕೆಡುವುದಿಲ್ಲ, ಯಾರದೋ ಕೈ ಕೆಡಿಸಿರುತ್ತದೆ ಎನ್ನುವುದು ಅವರ ನಂಬಿಕೆ. ಉತ್ತರ ಸಿಕ್ಕಿದರೆ ಅರ್ಧ ರಿಪೇರಿ ಆದಂತೆ.

ದೂರದ ಪ್ರಯಾಣಕ್ಕೆಂದೇ ನಾನು ದೊಡ್ಡ ಬೈಕು ಕೊಂಡಾಗ ನೆಂಟರೆಲ್ಲ ಮೂಗು ಮುರಿದರು. ನನ್ನ ಗಂಡ ತಮಿಳಿನಲ್ಲಿ ನಕ್ಕು ಸುಮ್ಮನಾದರು. ಇಲ್ಲೇ ಹುಟ್ಟಿ ಬೆಳೆದ ಅವರಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದಿಲ್ಲ. ಮಾವನವರೊಬ್ಬರೇ ಸೀಟು ಎತ್ತಿ ಒಳಗೆ ನೋಡಿ, "ವೈರಿಂಗ್ ಚೆನ್ನಾಗಿ ಮಾಡಿದಾರೆ. ಹೋಗ್ಬಿಟ್ಟು ಬಾ" ಅಂದರು.

ವಾರವೆಲ್ಲ ನಾನು ಲೋಕಲ್ ಟ್ರೇನಿನಲ್ಲಿ ವಿಮಾ ಕಚೇರಿಗೆ ಹೋಗುವವಳು. ಬೈಕು ಹೊರಗೆ ಬರುವುದು ಶನಿವಾರ. ಕಳೆದ ವರ್ಷ ಇದ್ದಕ್ಕಿದ್ದಂತೆ ಪ್ರತಿ ಶನಿವಾರವೂ ಅದು ಸ್ಟಾರ್ಟ್ ಆಗದೆ ಟಿಕ್ ಟಿಕ್ ಎನ್ನತೊಡಗಿತು. ಬ್ಯಾಟರಿ ಹೊಸದು. ಮಾವನವರು ಮೀಟರು ತಂದು ಬ್ಯಾಟರಿಗೂ ನೆಗೆಟಿವ್ ತಂತಿಗೂ ನಡುವೆ ಸೇರಿಸಿದರು. ಕೀಲಿ ತೆಗೆದಿದ್ದರೂ ಕರೆಂಟು ಹರಿಯುತ್ತಿತ್ತು. ಫ್ಯೂಸುಗಳನ್ನು ಒಂದೊಂದಾಗಿ ಕಿತ್ತರು. ಎಲ್ಲ ಕಿತ್ತರೂ ಹರಿಯುತ್ತಲೇ ಇತ್ತು.

"ಫ್ಯೂಸಿಗೆ ಸಿಕ್ಕದ ಹಾಗೆ ನೇರವಾಗಿ ಬ್ಯಾಟರಿಯಿಂದ ಯಾರೋ ಎಳ್ದಿದಾರೆ" ಅಂದರು. ಬೆರಳು ತಂತಿಯ ಜಾಡು ಹಿಡಿದು ಹ್ಯಾಂಡಲಿನ ಮೇಲಿದ್ದ ಮೊಬೈಲ್ ಚಾರ್ಜರಿಗೆ ಹೋಗಿ ನಿಂತಿತು. ಹಗಲಿರುಳು ನೀಲಿ ದೀಪ ಉರಿಸುತ್ತಿದ್ದ ಚಾರ್ಜರು. ಜಾಡಿನುದ್ದಕ್ಕೂ ಟೇಪು ಬಿಟ್ಟುಕೊಂಡು ಅಂಟಂಟಾಗಿತ್ತು. "ಥೂ! ಇದನ್ನ ಹಾಕಿದ್ದು ಯಾರಮ್ಮ?"

ಹಾಕಿದ್ದು ನಾನು. ಯಾವುದೋ ವೀಡಿಯೊ ನೋಡಿ, ಅವರು ಮನೆಯಲ್ಲಿಲ್ಲದ ಒಂದು ಮಧ್ಯಾಹ್ನ. ಆ ಮುಖದ ಮೇಲಿನ ಹೇಸಿಗೆ ನನ್ನ ಕಡೆ ತಿರುಗುವುದನ್ನು ನೆನೆಸಿಕೊಂಡೇ ನಾಲಿಗೆ ಹೊರಳಿತು.

"ಸರ್ವಿಸಿಗೆ ಬಿಟ್ಟಿದ್ನಲ್ಲ ಮಾವ, ಅವರೇ ಹಾಕಿಕೊಟ್ರು."

ಅಲ್ಲಿಗೆ ಮುಗಿಯುತ್ತದೆಂದುಕೊಂಡೆ. ಅವರು ಬ್ಯಾಟರಿ ಚಾರ್ಜು ಮಾಡಿ, ಅಂಗಿ ತೊಟ್ಟು ಹಿಂದಿನ ಸೀಟಿನಲ್ಲಿ ಹತ್ತಿ ಕೂತರು. ಇಂಥ ಕೆಲಸ ಮಾಡಿದವನಿಗೆ ತೋರಿಸದೆ ಬಿಡುವುದು ಪಾಪವಂತೆ.

ಸರ್ವಿಸ್ ಸೆಂಟರಿನಲ್ಲಿ ಹತ್ತಾರು ಗಿರಾಕಿಗಳಿದ್ದರು. ನನ್ನ ಬೈಕು ನೋಡಿದ್ದ ಮೆಕ್ಯಾನಿಕ್ಕನನ್ನು ಕರೆಸಿದರು. ತಲೆ ಅರೆ ನರೆತ, ಮೆದು ಮುಖದ ಮನುಷ್ಯ. ಮಾವನವರು ಅವನ ಎದುರಿಗೆ ಆ ತಂತಿಯನ್ನು ಎತ್ತಿ ಹಿಡಿದು, ಇದು ಕೈಯಲ್ಲಿ ಮಾಡಿದ ಕೆಲಸವೋ ಕಾಲಲ್ಲಿ ಮಾಡಿದ್ದೋ ಎಂದು ತಮಿಳಿನಲ್ಲಿ ಗದರಿಸಿದರು. ದಾರಿಯಲ್ಲಿ ಹೆಣ್ಣುಮಗಳು ಒಂಟಿಯಾಗಿ ನಿಂತುಹೋದರೆ ಯಾರು ಹೊಣೆ, ಹೊಟ್ಟೆಗೆ ಅನ್ನ ತಾನೆ ತಿನ್ನುವುದು ಎಂದರು. ಆತ ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತಲೇ ನಿಂತಿದ್ದ. ನಾನು ಹೆಲ್ಮೆಟ್ಟಿನ ಪಟ್ಟಿ ಬಿಚ್ಚಿ ಕಟ್ಟುತ್ತಿದ್ದೆ.

ಮೇಲ್ವಿಚಾರಕ ಕಂಪ್ಯೂಟರನ್ನು ತಿರುಗಿಸಿ ತೋರಿಸಿದ. ಬೈಕು ಹೊರಗೆ ಕೊಡುವಾಗ ತೆಗೆದ ಫೋಟೊ. ಹ್ಯಾಂಡಲಿನ ಮೇಲೆ ಚಾರ್ಜರು ಇರಲೇ ಇಲ್ಲ.

"ವೀಟ್ಲ ಕೇಳುಂಗ ಪೆರಿಯವರೇ" ಅಂದ. ಮನೆಯಲ್ಲಿ ಕೇಳಿ ಎಂದರ್ಥ. ಯಾರೋ ನಕ್ಕರು.

ಮಾವನವರು ತಿರುಗಿ ನನ್ನನ್ನು ನೋಡಿದರು. ನಾನು ಮೊಬೈಲಿನಲ್ಲಿ ಏನೋ ಹುಡುಕುವವಳ ಹಾಗೆ ತಲೆ ತಗ್ಗಿಸಿದೆ. ಅವರು ಮೆಕ್ಯಾನಿಕ್ಕನಿಗೆ ಕೈ ಮುಗಿದು, "ಎನ್ ತಪ್ಪುದಾನ್ ತಂಬಿ" ಅಂದರು. ತಪ್ಪು ನನ್ನದೇ, ಅಂತ.

ಮನೆಗೆ ಬಂದ ಮೇಲೆ ನಾನೇ ಹೋಗಿ ಹೇಳಿಕೊಂಡೆ. ಬೈಯಲಿಲ್ಲ. "ತಂತಿ ತಪ್ಪಾಗಿ ಸುತ್ತಿದ್ರೆ ಬಿಚ್ಚಿ ಸುತ್ತಬಹುದಮ್ಮ. ಆ ಮನುಷ್ಯನಿಗೆ ಅಷ್ಟು ಜನರ ಎದುರಿಗೆ ಬಾಯಿಗೆ ಬಂದಂಗೆ ಅಂದ್ಬಿಟ್ಟೆ. ನಾನು ನನ್ನ ತಪ್ಪು ಅಂದಿದ್ದು ಸಾಲ್ದು, ಆಯಪ್ಪನಿಗೆ ನಿಜ ಗೊತ್ತಾಗ್ಬೇಕು. ನೀನೇ ಹೋಗಿ ಹೇಳು."

"ಶನಿವಾರ ಹೋಗ್ತೀನಿ ಮಾವ" ಅಂದೆ.

ಆ ವಾರ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ನನ್ನ ಕೈಯಲ್ಲೇ ಎಲ್ಲ ಬಿಚ್ಚಿಸಿದರು. ಬೆಸುಗೆ, ಫ್ಯೂಸು, ಕೀಲಿ ತೆಗೆದರೆ ಚಾರ್ಜರೂ ಆರುವಂತೆ ರಿಲೇ. ನಾಲ್ಕು ಸಲ ಕಿತ್ತು ಹಾಕಿಸಿದರು. ಇವತ್ತು ಎಲ್ಲಿ ಬೈಕು ನಿಂತರೂ ನನಗೆ ಭಯವಿಲ್ಲವೆಂದರೆ ಅದು ಅವರು ಕೊಟ್ಟದ್ದು. ಶನಿವಾರ ಬಂತು. ಮಹಾಬಲಿಪುರಕ್ಕೆ ಹೋದೆ. ಮುಂದಿನ ಶನಿವಾರ ಪುದುಚೇರಿಗೆ. ಪ್ರತಿ ಸಲವೂ ಹೆಲ್ಮೆಟ್ ತೆಗೆಯುವ ಮೊದಲೇ, "ಹೇಳ್ಬಿಟ್ಟು ಬಂದ್ಯಾ?" ಅನ್ನುವರು. ಒಂದೊಂದು ಸಲಕ್ಕೆ ಒಂದೊಂದು ನೆಪ. ಆ ಸೆಂಟರಿನ ಬೀದಿ ಬಂದರೆ ನಾನು ಸುತ್ತು ಹಾಕಿಕೊಂಡು ಹೋಗುತ್ತಿದ್ದೆ.

ಮಾರ್ಗಳಿ ತಿಂಗಳ ಚಳಿಯಲ್ಲಿ ಎದೆನೋವೆಂದು ಮಾವನವರನ್ನು ಕೀಲ್ಪಾಕ್‌ನ ಆಸ್ಪತ್ರೆಗೆ ಸೇರಿಸಿದೆವು. ಮೂಗಿಗೆ ಕೊಳವೆ ಹಾಕಿದ್ದರೂ ಅದೇ ಪ್ರಶ್ನೆ.

"ಹೇಳಿದೆ ಮಾವ" ಅಂದೆ.

ಅವರ ಕಣ್ಣು ಅರಳಿತು. "ಏನಂದ?"

"ಪರವಾಗಿಲ್ಲ, ದೊಡ್ಡವರು ತಾನೆ, ಅಂದ್ರು. ನಿಮ್ಮನ್ನ ಕೇಳಿದೆ ಅಂತ ಹೇಳಿ ಅಂದ್ರು."

"ಒಳ್ಳೇವನು" ಅಂದು ನನ್ನ ಕೈ ತಟ್ಟಿದರು. ಎರಡು ದಿನ ಕಳೆದು ಹೋಗಿಬಿಟ್ಟರು.

ವೈಕುಂಠ ಸಮಾರಾಧನೆಯ ಮಾರನೆಯ ದಿನ ಬೈಕು ತೆಗೆದುಕೊಂಡು ಸರ್ವಿಸ್ ಸೆಂಟರಿಗೆ ಹೋದೆ. ಕೌಂಟರಿನಲ್ಲಿ ಹೊಸ ಹುಡುಗಿ. ಮೆಕ್ಯಾನಿಕ್ಕನ ಚಹರೆಯನ್ನೆಲ್ಲ ವರ್ಣಿಸಿ, ಅವರನ್ನು ಸ್ವಲ್ಪ ಕರೆಯಿರಿ ಎಂದೆ. ಅವಳು ಒಳಗೆ ವಿಚಾರಿಸಿ ಬಂದಳು. ಅಂಥವರು ಇಬ್ಬರು ಮೂವರು ಕೆಲಸ ಬಿಟ್ಟು ಹೋಗಿದ್ದರಂತೆ.

"ಅವರ್ ಪೇರ್ ಎನ್ನ ಮೇಡಂ?" ಎಂದು ಕೇಳಿದಳು, ಹುಡುಕಿಕೊಡುವ ಒಳ್ಳೆಯ ಮನಸ್ಸಿನಿಂದ.

ಆ ಮನುಷ್ಯನ ಹೆಸರೇನೆಂದು ನಾನು ಕೇಳಿರಲೇ ಇಲ್ಲ. ಅವಳು ಪೆನ್ನು ಹಿಡಿದು ಕಾಯುತ್ತಿದ್ದಳು. ಕೊನೆಗೆ, ಹೋಗಲಿ ಬೈಕಿಗೆ ಏನು ತೊಂದರೆ ಎಂದಳು. ಏನೂ ಇಲ್ಲ ಅಂದೆ. ಹೊರಗೆ ಬಂದು ಸ್ವಿಚ್ ಒತ್ತಿದೆ. ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಥೂ, ಅಸಿಂಗ ಎಂದುಕೊಂಡೆ, ನನ್ನನ್ನು ನಾನೇ.