‘ಯುನಿಕ್’ ಎಂದು ಬರೆದ ವರದಿ

ನಿವೃತ್ತಿಗೆ ಎರಡು ವರ್ಷವಿದ್ದಾಗ ನಾನು ಮಹಾರಾಷ್ಟ್ರದ ನಾಸಿಕ್ ಬಳಿಯ ಸಿನ್ನರಿನ ಒಂದು ಬಿಡಿಭಾಗಗಳ ಕಾರ್ಖಾನೆಯಲ್ಲಿ ಸೇಫ್ಟಿ ಆಫೀಸರ್ ಆಗಿದ್ದೆ. ಅಲ್ಲಿ ತಗಡು ಒತ್ತುವ ಆರು ಪವರ್ ಪ್ರೆಸ್‌ಗಳಿದ್ದವು, ಆರೂ ಒಂದೇ ಮಾದರಿಯವು. ಕೈ ಅಡ್ಡ ಬಂದ ತಕ್ಷಣ ಯಂತ್ರ ನಿಲ್ಲಿಸುವ ಬೆಳಕಿನ ತಡೆಗೆ ಲೈಟ್ ಕರ್ಟನ್ ಎನ್ನುತ್ತಾರೆ. ಒಂದು ಮಂಗಳವಾರ ಬೆಳಿಗ್ಗೆ ನಾಲ್ಕನೇ ಪ್ರೆಸ್‌ನಲ್ಲಿ ಅದು ಕೆಲಸ ಮಾಡಲಿಲ್ಲ. ಆಪರೇಟರ್ ದತ್ತು ಬಲಗೈಯ ಎರಡು ಬೆರಳು ಕಳೆದುಕೊಂಡ.

ಮರುದಿನ ಪ್ಲಾಂಟ್ ಮ್ಯಾನೇಜರ್ ಪಾಟೀಲರು ತನಿಖಾ ವರದಿಯನ್ನು ತಾವೇ ಬರೆಸಿ ಸಹಿಗೆ ನನ್ನ ಮುಂದಿಟ್ಟರು. ಮೊದಲ ಸಾಲಿನಲ್ಲೇ ‘ಯುನಿಕ್ ಇನ್ಸಿಡೆಂಟ್’ ಎಂದಿತ್ತು. ಯುನಿಕ್ ಎಂದರೆ ಅಂಥದ್ದು ಅದೊಂದೇ, ಇನ್ನೊಂದಿಲ್ಲ. ಆ ಪದ ಉಳಿದರೆ ಮಿಕ್ಕ ಐದು ಪ್ರೆಸ್ ನಿಲ್ಲಿಸಿ ಪರೀಕ್ಷಿಸಬೇಕಿಲ್ಲ. ನನಗೆ ಮೈ ಉರಿಯಿತು; ಆ ಪದ ತೆಗೆಯಿರಿ ಎಂದೆ.

“ಯುನಿಕ್ ಅಂದ್ರ ಸ್ವಲ್ಪ ಬ್ಯಾರೆ ಥರದ್ದು ಅಂತ, ಅಷ್ಟರೀ. ನೀವೇನು ಡಿಕ್ಷನರಿ ಹಿಡ್ಕೊಂಡು ಕೂತೀರಿ?” ಎಂದರು ಪಾಟೀಲರು. ಅವರು ಕಲಬುರಗಿಯವರು, ನಾನು ಬೀದರಿನವನು. ಇಬ್ಬರೇ ಇದ್ದಾಗ ಕನ್ನಡವೇ.

ಸಹಿ ಹಾಕದೆ ಎದ್ದು ಯಂತ್ರಗಳಿರುವ ಶಾಪ್ ಫ್ಲೋರಿಗೆ ಹೋದೆ. ಎರಡನೇ ಪ್ರೆಸ್ಸಿನ ಶಿವಲೀಲಾ ಕಲಬುರಗಿ ಕಡೆಯವಳೇ. ಲೈಟ್ ಕರ್ಟನ್ ಬಗ್ಗೆ ಕೇಳಿದ್ದೇ ತಡ, ರೇಗಿದಳು.

“ಹೋದ ತಿಂಗಳ ನನಗೂ ಹಿಂಗ ಆಗಿತ್ರೀ. ಕೈ ಎಳಕೊಂಡೆ, ಬಚಾವಾದೆ. ಚೀಟಿ ಬರದು ನಿಮ್ಮ ಆಫೀಸಿಗೇ ಕೊಟ್ಟಿದ್ನೆಲ್ರೀ ಸಾಹೇಬ್ರ!”

ಫೈಲ್ ತೆಗೆದೆ. ಚೀಟಿ ಇತ್ತು. ಕೆಳಗೆ ‘ಪರಿಶೀಲಿಸಲಾಗಿದೆ’ ಎಂದು ನನ್ನದೇ ಕೈಬರಹ. ಪರಿಶೀಲಿಸಿರಲಿಲ್ಲ. ಕೈಗೇನೂ ಆಗಿಲ್ಲವಲ್ಲ ಎಂದು ಕೂತಲ್ಲೇ ಸಹಿ ಮಾಡಿದ್ದೆ. ಪಾಟೀಲರ ಮೇಲಿದ್ದ ಸಿಟ್ಟು ನನ್ನ ಮೇಲೇ ತಿರುಗಿತು.

ಚೀಟಿಯನ್ನು ಅವರ ಮೇಜಿನ ಮೇಲಿಟ್ಟೆ. “ಎರಡು ಸಲ ಆಗಿದ್ದು ಯುನಿಕ್ ಹೆಂಗ ಆಗ್ತದರೀ?”

“ಇದು ಹೊರಗ ಬಂದ್ರ ಮೊದಲು ನಿಮ್ಮ ನೌಕರಿ ಹೋಗ್ತದ.”

“ಹೋಗ್ಲಿರೀ.”

ಯುನಿಕ್ ಪದ ಹೊಡೆದುಹಾಕಿ ‘ಎರಡನೇ ಬಾರಿ’ ಎಂದು ಬರೆದು, ಚೀಟಿ ಲಗತ್ತಿಸಿ ಸಹಿ ಹಾಕಿದೆ. ಪ್ರೆಸ್‌ಗಳ ಮುಖ್ಯ ಸ್ವಿಚ್ಚನ್ನೂ ನಾನೇ ಇಳಿಸಿದೆ. ಪರೀಕ್ಷೆಯಲ್ಲಿ ಶಿವಲೀಲಾಳ ಪ್ರೆಸ್ ಸೇರಿ ಇನ್ನೂ ಮೂರು ಲೈಟ್ ಕರ್ಟನ್ ಕೆಟ್ಟಿದ್ದವು. ನನಗೆ ಮೆಮೊ ಬಂತು, ತಕ್ಕದ್ದೇ. ಪಾಟೀಲರು ಬಡ್ತಿ ಪಡೆದು ಕಂಪನಿಯ ಚಿಕಲಠಾಣಾ ಘಟಕಕ್ಕೆ ಹೋದರು. ಆ ಸಿಟ್ಟು ಈಗಲೂ ಆರಿಲ್ಲ.

ನಾಸಿಕ್‌ನ ಆಸ್ಪತ್ರೆಯಲ್ಲಿ ದತ್ತು ಮರಾಠಿಯಲ್ಲಿ ಒಂದೇ ಮಾತು ಕೇಳಿದ: ತನಗಿಂತ ಮೊದಲು ಯಾರಿಗಾದರೂ ಹೀಗಾಗಿತ್ತೇ? ಹೌದು ಎಂದೆ, ಗೊತ್ತಿದ್ದೂ ನೋಡದೆ ಬಿಟ್ಟವನು ನಾನೇ ಎಂದೂ ಹೇಳಿದೆ. ಅವನು ಗೋಡೆಯ ಕಡೆ ಹೊರಳಿದ.

ನಿವೃತ್ತಿಯಾಗುವವರೆಗೆ ಯಂತ್ರದ ಎದುರು ಹೋಗಿ ನಿಲ್ಲದೆ ನಾನು ಯಾವ ಚೀಟಿಗೂ ಸಹಿ ಹಾಕಲಿಲ್ಲ. ಅಷ್ಟು ಕಲಿಯಲು ಇನ್ನೊಬ್ಬನ ಬೆರಳು ಬೇಕಾಯಿತು.