ಪಕ್ಕೆಗೆ ಸುತ್ತಿದ ಪಟಗ

ಮೊನ್ನೆ ಕಪಾಟು ಒರೆಸುವಾಗ ಮೇಲಿನಿಂದ ಒಂದು ಪ್ಲಾಸ್ಟಿಕ್ ಡಬ್ಬಿ ನನ್ನ ತಲೆಯ ಮೇಲೆ ಬಿತ್ತು. ಒಳಗೆ ಮೂರು ಗುಂಡು, ಪಕ್ಕದಲ್ಲಿ ಒಂದು ಕೊಳವೆ. ಉಸಿರು ಎಳೆದು ಗುಂಡು ಏರಿಸಲು ಆಸ್ಪತ್ರೆಯಲ್ಲಿ ಕೊಡುತ್ತಾರಲ್ಲ, ನೀವೂ ನೋಡಿರಬಹುದು. ಇದು ನಮ್ಮ ಬಿಜ್ಜರಗಿ ಕಾಕಾನದು. ನಮ್ಮ ಮನೆಯಲ್ಲಿ ಯಾವ ವಸ್ತುವನ್ನೂ ಬಿಸಾಡುವುದಿಲ್ಲ, ಕಪಾಟಿನ ಮೇಲೆ ಇಡುತ್ತೇವೆ.

ನ್ಯುಮೋನಿಯಾ ಆಗಿ ಕಾಕಾನ ಎದೆಯಲ್ಲಿ ಕೀವು ತುಂಬಿ, ಒಂದು ಪುಪ್ಪುಸ ಮುದುಡಿಹೋಗಿತ್ತು. ವಿಜಯಪುರದ ಡಾಕ್ಟರು ಎದೆ ಕೊಯ್ಯಲಿಲ್ಲ. ಪಕ್ಕೆಗೆ ಮೂರು ಸಣ್ಣ ತೂತು ಹಾಕಿ, ಒಂದರಲ್ಲಿ ಕ್ಯಾಮೆರಾ ಇಳಿಸಿ, ಟಿವಿ ನೋಡುತ್ತ ಕೀವು ತೆಗೆದರು. "ಇನ್ನ ಪುಪ್ಪುಸ ಅರಳೋದು ನಿಮ್ಮ ಕೈಯಾಗೈತಿ. ದಿನಾ ಗುಂಡು ಏರಸ್ರಿ. ಅರಳಲಿಲ್ಲಂದ್ರ ಎದಿ ಕೊಯ್ಯಬೇಕಾಗತೈತಿ" ಎಂದರು. ದಿನ ಕಳೆದಂತೆ ಒಂದು ಗುಂಡು ಏರಿತು, ಆಮೇಲೆ ಎರಡು.

ಅಷ್ಟರಲ್ಲಿ ಊರಿನವರು ಆಸ್ಪತ್ರೆಗೆ ಬಂದರು. ನಮ್ಮ ಕಡೆ ರೋಗಿಯನ್ನು ಮಾತಾಡಿಸಲು ಬಂದವರು ಹೊಲಿಗೆ ನೋಡದೆ ಹೋಗುವುದಿಲ್ಲ; ಎಳನೀರು ತಂದದ್ದಕ್ಕೆ ಅಷ್ಟಾದರೂ ಬೇಡವೇ. ಕಾಕಾ ಅಂಗಿ ಎತ್ತಿದ. ಮೂರು ಸಣ್ಣ ಪಟ್ಟಿ. ಅವನ ಗೆಳೆಯ ಮಲ್ಲಪ್ಪ ಬಗ್ಗಿ ನೋಡಿ, "ಇಷ್ಟಽ ಏನ?" ಎಂದ. ಆಮೇಲೆ ತನ್ನ ಅಂಗಿ ಎತ್ತಿ, ಎಂದೋ ಮಾಡಿಸಿದ ಹೊಟ್ಟೆ ಆಪರೇಷನ್ನಿನ ಗೇಣುದ್ದದ ಗುರುತು ತೋರಿಸಿದ. ಬಂದವರೆಲ್ಲ ಮಲ್ಲಪ್ಪನ ಆರೋಗ್ಯ ವಿಚಾರಿಸಿ ಹೊರಟರು.

ನನಗೆ ಅವಮಾನವಾಯಿತು. ಮರುದಿನ ಬಬಲೇಶ್ವರದ ಬೀಗರು ಬರುವವರಿದ್ದರು. ಕಾಕಾ ತಲೆಗೆ ಸುತ್ತುವ ಬಿಳಿ ಪಟಗ ದಿಂಬಿನ ಬದಿಗಿತ್ತು; ಅದನ್ನೇ ಬಿಚ್ಚಿ ಅವನ ಎದೆಗೆ ಬಿಗಿಯಾಗಿ ಆರು ಸುತ್ತು ಸುತ್ತಿದೆ. ಬೀಗತಿ ನೋಡಿ ಕಣ್ಣೀರು ಹಾಕಿದಳು. ನನಗೆ ಸಮಾಧಾನವಾಯಿತು.

ಸಂಜೆ ಒಂದು ಗುಂಡೂ ಏರಲಿಲ್ಲ. ಡಾಕ್ಟರು ಎದೆ ಕೊಯ್ಯುವ ಮಾತೆತ್ತಿದರು. ಪರೀಕ್ಷಿಸಲು ಅವರು ಅಂಗಿ ಎತ್ತಿದಾಗ ಪಟಗ ಕಂಡಿತು.

"ಇದ್ಯಾರ ಕೆಲಸಾ?"

"ನಂದಽ ರೀ. ಥಂಡಿ ಹತ್ತಿತ್ತು" ಎಂದ ಕಾಕಾ. ಅದು ವಿಜಯಪುರದ ಬೇಸಿಗೆ. ಪಟಗ ಬಿಚ್ಚಿದ ಮೇಲೆ ಎರಡು ಗುಂಡು ಏರಿದವು. ನಾನು ಗೋಡೆ ನೋಡುತ್ತ ನಿಂತಿದ್ದೆ.

ಡಬ್ಬಿಯ ಧೂಳು ಒರೆಸಿ ಕಾಕಾನಿಗೆ ಫೋನ್ ಹಚ್ಚಿದೆ. ದ್ರಾಕ್ಷಿ ತೋಟದಲ್ಲಿ ಯಾರನ್ನೋ ಒದರಿ ಕರೆಯುತ್ತಿದ್ದ. ಆ ದನಿ ಕೇಳಿಯೇ ಸಂತೋಷವಾಯಿತು. ಇಷ್ಟು ವರ್ಷ ನುಂಗಿಕೊಂಡಿದ್ದನ್ನು ಹೇಳಿಬಿಟ್ಟೆ.

"ಕಾಕಾ, ಅವತ್ತ ತಪ್ಪು ನಂದು. ಸುತ್ತುವಾಗ ನೀ ಯಾಕ ಬ್ಯಾಡ ಅನಲಿಲ್ಲ?"

"ಅನ್ನಾಕ ಹೊಂಟಿದ್ದೆ," ಎಂದ ಕಾಕಾ. "ಉಸುರು ಸಾಲಲಿಲ್ಲ."