ಮಾತ್ರೆ ಎಣಿಸುವ ಡಬ್ಬಿ

ಮಾತ್ರೆ ಎಂದರೇನು ಎಂದು ನನ್ನನ್ನು ಯಾರೂ ಕೇಳಬಾರದು. ಕೇಳಿದರೆ ಅವರ ಮುಕ್ಕಾಲು ಗಂಟೆ ಹೋಯಿತು. ಕೊಟ್ಟೂರಿನ ಸುತ್ತಮುತ್ತ ಮೂವತ್ತು ವರ್ಷ ಕನ್ನಡ ಮಾಸ್ತರಿಕೆ ಮಾಡಿದವನು ನಾನು. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು ಎಂದು ಹಲಗೆಯ ಮೇಲೆ ಗೀಚಿ ಗೀಚಿ ಎಷ್ಟು ಸೀಮೆಸುಣ್ಣ ಸವೆಸಿದ್ದೇನೋ ಶಿವನೇ ಬಲ್ಲ. ಹೀಗಾಗಿ ಲಯವೆಂಬುದು ನನ್ನ ರಕ್ತದಲ್ಲೇ ಇದೆ ಎಂದು ನಂಬಿದ್ದೆ. ನಂಬಿಕೆಗಳ ವಿಷಯದಲ್ಲಿ ನಾನು ಈಗಲೂ ಗಟ್ಟಿ ಮನುಷ್ಯನೇ, ಅದೊಂದು ಮಾತ್ರ ತುಸು ಅಲುಗಾಡಿದೆ.

ಪ್ರತಿ ಸೋಮವಾರ ಸಂಜೆ ನಮ್ಮ ಓಣಿಯ ಗುಡಿಯಲ್ಲಿ ಭಜನೆ ಇರುತ್ತದೆ. ಹಾರ್ಮೋನಿಯಂ, ಅಂದರೆ ನಮ್ಮ ಬಾಯಲ್ಲಿ ಪೇಟಿ, ನನ್ನದು. ತಬಲಾ ಕೊಟ್ರೇಶನದು. ಕೊಟ್ಟೂರಿನ ಬಜಾರದಲ್ಲಿ ನಿಂತು ‘ಕೊಟ್ರೇಶಾ’ ಅಂತ ಕೂಗಿದರೆ ಹತ್ತು ಮಂದಿ ತಿರುಗಿ ನೋಡುತ್ತಾರೆ, ಅದಕ್ಕೇ ಇವನು ಟೇಲರ್ ಕೊಟ್ರೇಶ. ಒಂದನೇ ಕ್ಲಾಸಿನಿಂದ ನನ್ನ ಪಕ್ಕದಲ್ಲೇ ಕುಳಿತವನು. ಇಪ್ಪತ್ತೈದು ವರ್ಷದಿಂದ ಭಜನೆಯಲ್ಲೂ ನನ್ನ ಪಕ್ಕವೇ. ಹೋದ ವರ್ಷ ಶ್ರಾವಣ ಮುಗಿದ ಮೇಲೆ ಒಂದು ಸೋಮವಾರ ಹಾಡು ನಡುವೆ ಇರುವಾಗಲೇ ಅವನು ತಬಲಾದ ಮೇಲೆ ಅಂಗೈ ಊರಿ ನಿಲ್ಲಿಸಿಬಿಟ್ಟ.

“ಲೇ ಮಾಸ್ತರ, ಓಡಾಕತ್ತೀಯಲ್ಲ, ಯಾರರ ಬೆನ್ನು ಹತ್ಯಾರೇನು?”

“ನಾ ಎಲ್ಲಿ ಓಡ್ತೀನಿ? ನೀನ ಹಿಂದಕ್ಕ ಎಳೀತಿ,” ಅಂದೆ ನಾನು.

ಇಬ್ಬರೇ ಇದ್ದಾಗ ಹೇಳಿದ್ದರೆ ನಗುತ್ತಿದ್ದೆನೇನೋ. ಇಡೀ ಓಣಿ ಕುಳಿತಿತ್ತು. ಅವನು ತಬಲಾವನ್ನು ಚೀಲಕ್ಕೆ ಹಾಕಿಕೊಂಡು ಎದ್ದುಹೋದ. ಮುಂದಿನ ಸೋಮವಾರ ಬರಲಿಲ್ಲ, ಅದರ ಮುಂದಿನದಕ್ಕೂ ಬರಲಿಲ್ಲ. ತಬಲಾ ಇಲ್ಲದ ಭಜನೆ ಉಪ್ಪಿಲ್ಲದ ಸಾರಿನ ಹಾಗೆ, ಆದರೂ ಉಣ್ಣಬಹುದು. ಗೆಳೆಯನ ಅಂಗಡಿಯ ಮುಂದೆ ಮುಖ ತಿರುಗಿಸಿಕೊಂಡು ಹಾಯುವುದಿದೆಯಲ್ಲ, ಅದು ಮಾತ್ರ ಗಂಟಲಲ್ಲಿ ಇಳಿಯುವುದಿಲ್ಲ. ಅವನನ್ನು ವಾಪಸ್ ಕರೆತರಬೇಕು, ಆದರೆ ತಪ್ಪು ಅವನದೇ ಎಂದು ತೋರಿಸಿ ಕರೆತರಬೇಕು. ನನ್ನ ಆಸೆ ಇಷ್ಟೇ ಇತ್ತು.

ನ್ಯಾಯ ಹೇಳಲು ಮೂರನೆಯವನೊಬ್ಬ ಬೇಕು. ಓಣಿಯ ಹಿರಿಯರು ಬೇಡ, ಅವರು ಇಬ್ಬರಿಗೂ ಚಹಾ ಕುಡಿಸಿ ಕಳಿಸುತ್ತಾರೆ. ಆಗ ಹೊಳೆದದ್ದು ಮೆಟ್ರೊನೋಮ್. ನಿಮಿಷಕ್ಕೆ ಇಷ್ಟು ಬಡಿತ ಎಂದು ಅಂಕಿ ಇಟ್ಟರೆ ಅಷ್ಟೇ ಸಲ ಟಿಕ್ ಅನ್ನುವ ಪುಟ್ಟ ಡಬ್ಬಿ. ಯಾರ ಮುಖವನ್ನೂ ನೋಡುವುದಿಲ್ಲ, ಯಾರ ಚಹಾವನ್ನೂ ಕುಡಿಯುವುದಿಲ್ಲ.

ಪಕ್ಕದ ಮನೆಯ ವೀರಣ್ಣ ದಿನಾ ಹೊಸಪೇಟೆಗೆ ನೌಕರಿಗೆ ಹೋಗಿಬರುತ್ತಾನೆ. ಅವನಿಗೆ ಇಂಗ್ಲಿಷ್ ಹೆಸರು ಹೇಳಿ ಗೊಂದಲ ಮಾಡುವುದೇಕೆ ಎಂದು ಅಚ್ಚಗನ್ನಡದಲ್ಲೇ ಹೇಳಿದೆ: “ಮಾತ್ರಿ ಎಣಿಸೋ ಮಶಿನ್ ತೊಗೊಂಬಾ ವೀರಣ್ಣ. ಸಣ್ಣದು, ಸೆಲ್ ಹಾಕೋದು, ಟೈಮಿಗೆ ಸರಿಯಾಗಿ ಸಪ್ಪಳ ಮಾಡೋದು. ಸಸ್ತಾದ್ದು ಇರ್ಲಿ.” ಅವನು ಶ್ರದ್ಧೆಯಿಂದ ತಂದ. ಬಿಚ್ಚಿ ನೋಡಿದರೆ ಮುಂಜಾನೆ, ಮಧ್ಯಾಹ್ನ, ರಾತ್ರಿ ಎಂದು ಖಾನೆಗಳಿರುವ ಗುಳಿಗೆಯ ಡಬ್ಬಿ! ಹೊತ್ತಿಗೆ ಸರಿಯಾಗಿ ಕುಂಯ್ ಅನ್ನುತ್ತಿತ್ತು ನಿಜ. ಅವನದೇನು ತಪ್ಪು? ಅರವತ್ತು ದಾಟಿದ ಮಾಸ್ತರು ಮಾತ್ರಿ ಅಂದರೆ ಛಂದಸ್ಸು ಯಾರಿಗೆ ನೆನಪಾಗುತ್ತದೆ? ನಮ್ಮಾಕಿ ಅದನ್ನು ಕಸಿದುಕೊಂಡು, “ವೀರಣ್ಣಗ ಬುದ್ಧಿ ಐತಿ. ನಿಮಗ ಬೇಕಾದ್ದು ಇದಾ ನೋಡ್ರಿ,” ಅಂದಳು. ಅವತ್ತಿನಿಂದ ನನ್ನ ಬಿಪಿ ಮಾತ್ರೆ ತಪ್ಪಿಲ್ಲ.

ಇನ್ನು ನಾನೇ ಕಣಕ್ಕಿಳಿದೆ. ಮೊಬೈಲಿನಲ್ಲಿ ಪುಕ್ಕಟೆ ಸಿಗುತ್ತದೆ ಎಂದರು, ಹಾಕಿಕೊಂಡೆ. ಹಾಡಿನ ಚರಣ ಹಿಡಿಯುವ ಹೊತ್ತಿಗೆ ಸರಿಯಾಗಿ ಸಾಬೂನಿನ ಜಾಹೀರಾತು ಬಂತು. ಹಗರಿಬೊಮ್ಮನಹಳ್ಳಿಯಲ್ಲಿ ಒಬ್ಬರು ಎಲೆಕ್ಟ್ರಾನಿಕ್ ತಬಲಾ ತೋರಿಸಿದರು. ಬಲು ಚೆಂದ ಬಾರಿಸುತ್ತದೆ, ಬೆಲೆಯೂ ಬಲು ಚೆಂದ. ಆದರೆ ಬೇಡವೆಂದದ್ದು ಬೆಲೆಗಲ್ಲ. ಕೊಟ್ರೇಶ ಕೂಡುವ ಜಾಗದಲ್ಲಿ ಒಂದು ಡಬ್ಬಿ ಕೂಡಿಸಿದೆ ಎಂದು ಅವನಿಗೆ ತಿಳಿದರೆ, ಸತ್ತರೂ ನನ್ನ ಹೊಸ್ತಿಲು ತುಳಿಯುವುದಿಲ್ಲ. ನನಗೆ ಬೇಕಾದದ್ದು ಬಾರಿಸುವ ಡಬ್ಬಿಯಲ್ಲ, ಸಾಕ್ಷಿ ಹೇಳುವ ಡಬ್ಬಿ.

ಕೊನೆಗೆ ಸಾವಿರ ರೂಪಾಯಿಯೊಳಗಿನ ಮೆಟ್ರೊನೋಮ್ ಒಂದನ್ನು ಆನ್‌ಲೈನಿನಲ್ಲಿ ತರಿಸಿದೆ. ಈಗ ಈ ವಿದ್ಯೆಯಲ್ಲಿ ನಾನು ಪಂಡಿತ, ಕೇಳಿಕೊಳ್ಳಿ. ಅಂಕಿ ದಪ್ಪಗಿರಬೇಕು, ಕನ್ನಡಕ ಹುಡುಕುವುದರಲ್ಲಿ ಹಾಡು ಮುಗಿಯಬಾರದು. ಒತ್ತುವ ಗುಂಡಿಗಿಂತ ತಿರುವುವ ಬಿರಡೆ ಮೇಲು. ಪೇಟಿಯ ಸದ್ದನ್ನು ಮೀರಿ ಕೇಳಿಸಬೇಕು. ನಿಮ್ಮ ಓಣಿಯ ಕಿರಾಣಿ ಅಂಗಡಿಯಲ್ಲಿ ಸಿಗುವ ಸೆಲ್ಲೇ ಅದಕ್ಕೆ ಹಿಡಿಸಬೇಕು. ಬಣ್ಣ, ಬೆಳಕು, ಇಂಗ್ಲಿಷಿನಲ್ಲಿ ಒನ್ ಟೂ ಥ್ರೀ ಅನ್ನುವ ಹೆಣ್ಣುದನಿ, ಇವಕ್ಕೆಲ್ಲ ಮರುಳಾಗಬೇಡಿ.

ಶ್ರುತಿ ತಾಯಿ, ಲಯ ತಂದೆ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಸ್ವರ ಚೂರು ಅತ್ತಿತ್ತ ಆದರೆ ತಾಯಿ ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಾಳೆ, ತಂದೆ ಹಾಗಲ್ಲ. ಡಬ್ಬಿಯನ್ನು ಎಂಬತ್ತಕ್ಕೆ ಇಟ್ಟು ಹಾಡಿದೆ. ಎರಡನೇ ಸಾಲಿಗೆ ಅದು ನಿಧಾನವಾಗತೊಡಗಿತು! “ಸೆಲ್ ವೀಕ್ ಆಗ್ಯಾವ,” ಅಂದೆ. ಹೊಸ ಸೆಲ್ ಹಾಕಿದೆ. ಮತ್ತೆ ನಿಧಾನ. ಚೀನಾ ಮಾಲು ಅಂದೆ, ಬೈದೆ. ಒಳಗಿಂದ ನಮ್ಮಾಕಿ, “ರೀ, ಅದು ಅಲ್ಲೇ ಐತಿ. ನೀವು ಮುಂದ ಹೋಗೀರಿ,” ಅಂದಳು.

ನಾನು ಸೋಲೊಪ್ಪುವವನಲ್ಲ. ಮೊಬೈಲಿನಲ್ಲಿ ಹಳೆಯ ಭಜನೆಗಳ ರೆಕಾರ್ಡಿಂಗ್ ಇದ್ದವು. ಕೊಟ್ರೇಶ ಎಳೆಯುವುದನ್ನು ಹಿಡಿಯೋಣವೆಂದು ಒಂದೊಂದಾಗಿ ಹಚ್ಚಿ ಪಕ್ಕದಲ್ಲಿ ಡಬ್ಬಿ ಇಟ್ಟೆ. ಎಂಬತ್ತಕ್ಕೆ ಶುರುವಾದ ಹಾಡು ಮೂರನೇ ಚರಣಕ್ಕೆ ನೂರು ದಾಟಿತ್ತು. ಅದೂ ನನಗೆ ಚೆನ್ನಾಗಿ ಬರುವ ಸಾಲುಗಳಲ್ಲೇ. ಬಾರದ ಕಡೆ ಮೆಲ್ಲಗೆ ತೆವಳುತ್ತಿದ್ದೆ. ನಾನು ಬೆಚ್ಚಿದ್ದು ಅದಕ್ಕಲ್ಲ. ನಾನು ಓಡಿದಲ್ಲೆಲ್ಲ ತಬಲಾ ನನ್ನ ಜೊತೆಗೇ ಓಡಿತ್ತು, ನಾನು ತೆವಳಿದಲ್ಲಿ ತೆವಳಿತ್ತು, ಒಂದು ಕೂದಲೆಳೆಯಷ್ಟೂ ನನ್ನನ್ನು ಬಿಟ್ಟಿರಲಿಲ್ಲ. ಅದಕ್ಕೇ ಇಷ್ಟು ವರ್ಷ ಯಾರಿಗೂ ನನ್ನ ಓಟ ಕೇಳಿಸಲಿಲ್ಲ, ನನಗಂತೂ ಇಲ್ಲವೇ ಇಲ್ಲ. ಜಗಳದ ದಿನದ ರೆಕಾರ್ಡಿಂಗಿನಲ್ಲಿ ಮಾತ್ರ ತಬಲಾ ಹಿಂದೆ ಉಳಿದಿತ್ತು. ನಾಚಿಕೆಯಾಯಿತು, ನಿಜವಾಗಿ ನಾಚಿಕೆಯಾಯಿತು.

ಮರುದಿನ ಮುಂಜಾನೆ ಅವನ ಅಂಗಡಿಗೆ ಹೋಗಿ ಡಬ್ಬಿಯನ್ನು ಕಟಿಂಗ್ ಮೇಜಿನ ಮೇಲಿಟ್ಟೆ. “ಓಡಿದ್ದು ನಾನ ಲೇ, ಕೊಟ್ರೇಶ.”

“ಗೊತ್ತೈತಿ,” ಅಂದ, ಬಟ್ಟೆಯ ಮೇಲೆ ಗೆರೆ ಎಳೆಯುತ್ತಲೇ.

“ಯಾವಾಗಿಂದ?”

“ಮೊದ್ಲಿಂದ. ನಿನಗ ಬರೋ ಸಾಲು ಬಂತಂದ್ರ ನೀ ಕೈಗೆ ಸಿಗೋ ಮನಿಷಾನಾ? ನಾನೂ ಹಿಂದ ಬರ್ತಿದ್ದೆ.”

“ಮತ್ತ ಇಷ್ಟು ವರ್ಷ ಯಾಕ ಹೇಳ್ಲಿಲ್ಲ?”

ಅವನು ಬಲಗೈಯನ್ನು ಮೇಜಿನ ಮೇಲೆ ಚಾಚಿದ. ಬೆರಳುಗಳ ಗಿಣ್ಣು ಊದಿಕೊಂಡಿದ್ದವು. “ಆವಾಗ ಓಡಾಕ ಆಗ್ತಿತ್ತು. ಈಗ ಬೆರಳು ಬಗ್ಗವಲ್ಲವು. ಮಂದಿ ಮುಂದ ಅದನ್ನ ಹೆಂಗ ಹೇಳ್ಲಿ? ನೀ ಓಡ್ತೀ ಅಂದೆ.”

ಡಬ್ಬಿಯನ್ನು ಅವನ ಕಡೆ ಸರಿಸಿ, “ನಿನ್ನ ಕೈಗೆ ಎಷ್ಟು ಹಿತ ಅನಸ್ತೈತಿ, ಅಲ್ಲಿಗೆ ತಿರುವು,” ಅಂದೆ. ಅವನು ಮೇಜಿನ ಮೇಲೆ ಮೆಲ್ಲಗೆ ಬೆರಳಾಡಿಸುತ್ತ, ಬಿರಡೆ ಇಳಿಸುತ್ತ ಇಳಿಸುತ್ತ ಅರವತ್ನಾಲ್ಕಕ್ಕೆ ನಿಂತ. ಐದು ದಿನ ಮನೆಯಲ್ಲಿ ಹಲ್ಲು ಕಚ್ಚಿಕೊಂಡು ಆ ಅರವತ್ನಾಲ್ಕಕ್ಕೇ ಅಭ್ಯಾಸ ಮಾಡಿದೆ. ನಿಧಾನವಾಗಿ ಹಾಡುವುದು ಎಷ್ಟು ಕಷ್ಟ ಎಂದು ಮಾಡಿ ನೋಡಿದವರಿಗೇ ಗೊತ್ತು.

ಸೋಮವಾರ ಅವನು ಬಂದ. ಹಾಡು ಮುಗಿದಾಗ ಹಿಂದೆ ಕುಳಿತಿದ್ದ ಗೌರಮ್ಮಜ್ಜಿ ಗಟ್ಟಿಯಾಗಿ ಅಂದಳು: “ಚೊಲೋ ಆತು ನೋಡ್ರಿ ಮಾಸ್ತರ. ಈ ಹಾಡಿನಾಗ ಮಾತು ಅದಾವ ಅಂತ ನನಗ ಇವತ್ತಾ ಗೊತ್ತಾತು.”

ಕೊಟ್ರೇಶ ತಬಲಾದ ಮೇಲೆ ಬಾಗಿ ನಕ್ಕ. ಅವನು ನಗಲು ಶುರು ಮಾಡುವ ತನಕ ನಾನು ಕಾದು, ಆಮೇಲೆ ನಕ್ಕೆ.